ಅಮ್ವಾಸಿನ ಉಳಿದರ್ಧ

ಮಲೇಷ್ಯಾದ ಪೆಟಾಲಿಂಗ್ ಜಯಾದ ಹಳೆಯ ಕೈಗಾರಿಕಾ ಪ್ರದೇಶದಲ್ಲಿ ಸಿರಿಂಜ್‌ಗಳ ಪ್ಲಾಸ್ಟಿಕ್ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಿದೆ. ಕಾರ್ಖಾನೆ, ಗೋಡೌನು, ಕೆಲಸಗಾರರ ಹಾಸ್ಟೆಲು ಮೂರೂ ಒಂದೇ ಬೇಲಿಯೊಳಗಿವೆ. ಹಾಸ್ಟೆಲಿಗೆ ಮೂರು ಮಹಡಿ, ಮಹಡಿಗೆ ನಾಲ್ಕು ಕೋಣೆ, ಕೋಣೆಗೆ ಹದಿನಾಲ್ಕು ಜನ. 2021ರ ಜನವರಿ 14, ಗುರುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಆ ನೂರ ಅರವತ್ತೆಂಟು ಜನರಲ್ಲಿ ಸುಮಾರು ನಲವತ್ತು ಮಂದಿ ಬ್ಯಾಗು ಕಟ್ಟಿಕೊಂಡು ಹಿಂದಿನ ಗೇಟಿನ ಬಳಿ ನಿಂತಿದ್ದರು.

ಅಂದು ಬೆಳಿಗ್ಗೆ ಮೂವರಿಗೆ ಕೊರೊನಾ ಇರುವುದು ಖಚಿತವಾಗಿತ್ತು. ಆಂಬುಲೆನ್ಸ್ ಅವರನ್ನು ಕರೆದೊಯ್ದ ಮೇಲೆ, ನಾಳೆ ಮುಳ್ಳುತಂತಿ ಬರುತ್ತದೆ, ಆಮೇಲೆ ಎಷ್ಟು ದಿನವೋ ಯಾರೂ ಹೊರಗೆ ಹೋಗುವಂತಿಲ್ಲ ಎಂಬ ಸುದ್ದಿ ಹಬ್ಬಿತು. ರಸ್ತೆಯಾಚೆಯ ಇನ್ನೊಂದು ಹಾಸ್ಟೆಲಿಗೆ ಹಿಂದಿನ ವಾರವೇ ತಂತಿ ಸುತ್ತಿದ್ದನ್ನು ಎಲ್ಲರೂ ಕಿಟಕಿಯಿಂದ ನೋಡಿದ್ದರು. ಗೇಟಿನ ಬಳಿ ನಿಂತವರಲ್ಲಿ ಹೆಚ್ಚಿನವರು ಬಾಂಗ್ಲಾದೇಶದವರು. ಕೆಲವರು ನೀಲಾಯಿಗೆ, ಕೆಲವರು ಜೊಹೋರಿಗೆ, ಒಂದು ಗುಂಪು ಕ್ಯಾಮರನ್ ಗುಡ್ಡಗಳ ಎಲೆಕೋಸಿನ ತೋಟಗಳಿಗೆ ಹೊರಟಿತ್ತು. ಎಲ್ಲ ಕಡೆಯೂ ಯಾರಾದರೊಬ್ಬ ಊರಿನವನಿದ್ದ.

ಕಾರ್ಖಾನೆಯ ಸೇಫ್ಟಿ ಆಫೀಸರ್ ಸರೋಜ ಅಡುಗೆಮನೆಗೆ ಬಂದರು. ಮೈಸೂರಿನವರು, ರಸಾಯನಶಾಸ್ತ್ರ ಓದಿದವರು, ಏರುದನಿಯಲ್ಲಿ ಮಾತನಾಡಿ ಅಭ್ಯಾಸವಿಲ್ಲದವರು.

"ರಾಜೇಸಾಬ್ರೆ, ನನ್ನ ಮಾತು ಯಾರೂ ಕೇಳ್ತಿಲ್ಲ. ಸೆಕ್ಯುರಿಟಿಯವರು ಇರೋದು ಇಬ್ಬರೇ. ನೀವು ಹೇಳಿದ್ರೆ ನಿಲ್ತಾರೆ."

"ನಾ ಅಡಿಗಿ ಮಾಡಾಂವ ಅದೀನ್ರಿ ಮೇಡಮ್ಮಾರ."

"ದಿನಾ ಐದು ಗಂಟೆಗೆ ಅವರು ಬಾಯಿ ಬಿಟ್ಕೊಂಡು ಕೂತು ಕೇಳೋದು ನಿಮ್ಮ ಅಡುಗೇನಲ್ಲವಲ್ಲ."

ರಾಜೇಸಾಬ ನದಾಫರಿಗೆ ಆಗ ಐವತ್ನಾಲ್ಕು ವರ್ಷ. ಊರು ಮುದ್ದೇಬಿಹಾಳದ ಕಡೆ. ಹತ್ತಿ ಹಿಂಜಿ ಗಾದಿ ಹೊಲಿಯುವುದು ಮನೆತನದ ಕಸುಬು. ಅಂಗಡಿಗಳಲ್ಲಿ ಫೋಮಿನ ಹಾಸಿಗೆ ಬಂದ ಮೇಲೆ ಅದು ನಿಂತುಹೋಯಿತು. ಏಳನೆಯ ಇಯತ್ತೆವರೆಗೆ ಕನ್ನಡ ಶಾಲೆ, ಆಮೇಲೆ ಖಾನಾವಳಿಗಳ ಒಲೆ. 2011ರಲ್ಲಿ ಮಲೇಷ್ಯಾಕ್ಕೆ ಬಂದು ಐದು ವರ್ಷ ಒಂದು ಹೋಟೆಲಿನಲ್ಲಿದ್ದು, ನಂತರ ಈ ಹಾಸ್ಟೆಲಿನ ಅಡುಗೆಯವರಾದರು. ಅಡುಗೆಮನೆಗೆ ಹೊಂದಿದ ಸಣ್ಣ ಕೋಣೆಯಲ್ಲಿ ಒಬ್ಬರೇ ಮಲಗುತ್ತಿದ್ದರು. ಹುಡುಗರೂ ಹಿರಿಯರೂ ಅವರನ್ನು ಚಾಚಾ ಎಂದು ಕರೆಯುತ್ತಿದ್ದರು.

ಇಸ್ಲಾಮಿನ ಮೊದಲ ಕಾಲದ ಚರಿತ್ರೆ ಅವರಿಗೆ ಬಂದದ್ದು ಅಜ್ಜನಿಂದ. ಅಜ್ಜ ಹತ್ತಿ ಹಿಂಜುತ್ತ ಕಾಳಗ, ಒಪ್ಪಂದ, ಇಸವಿ ಎಲ್ಲವನ್ನೂ ಸಾಲಾಗಿ ಹೇಳುತ್ತಿದ್ದರು. ಮೊಮ್ಮಗ ತಿರುಗಿ ಒಪ್ಪಿಸುವಾಗ ನಡುವೆ ಒಂದನ್ನು ಬಿಟ್ಟರೆ ಮತ್ತೆ ಮೊದಲಿನಿಂದ ಶುರು. 2020ರ ಮಾರ್ಚಿನಲ್ಲಿ ಮಸೀದಿಗಳು ಮುಚ್ಚಿದಾಗ ಹಾಸ್ಟೆಲಿನ ಪ್ರಾರ್ಥನೆಯ ಕೋಣೆಯಲ್ಲಿ ನಮಾಜು ನಡೆಸುವ ಕೆಲಸ ರಾಜೇಸಾಬರ ಪಾಲಿಗೆ ಬಂತು. ಅವರಿಗಿಂತ ಹೆಚ್ಚು ತಿಳಿದವರು ಅಲ್ಲಿ ಇರಲಿಲ್ಲ. ಸಂಜೆಯ ಅಸರ್ ನಮಾಜಿನ ನಂತರ ಹದಿನೈದು ನಿಮಿಷ ಅವರು ಚರಿತ್ರೆ ಹೇಳತೊಡಗಿದರು. ಭಾಷೆ ಹಿಂದಿ, ನಡುನಡುವೆ ಮಲಯ್, ಸಿಟ್ಟು ಬಂದಾಗ ಕನ್ನಡ.

ಹಿರಾ ಗುಹೆಯಲ್ಲಿ ಪೈಗಂಬರರಿಗೆ ಮೊದಲ ಸಂದೇಶ ಬಂದಲ್ಲಿಂದ ಶುರುವಾಯಿತು. ಮೆಕ್ಕಾದವರು ಅವರ ಕುಲಕ್ಕೆ ಹಾಕಿದ ಬಹಿಷ್ಕಾರ, ಅಬಿಸೀನಿಯಾದ ಕ್ರೈಸ್ತ ದೊರೆ ಕೊಟ್ಟ ಆಶ್ರಯ, ಮದೀನಾಕ್ಕೆ ವಲಸೆ, ಅಲ್ಲಿಯ ಕುಲಗಳ ಜೊತೆ ಮಾಡಿಕೊಂಡ ಕರಾರು, ಬದ್ರ್ ಕಾಳಗ. ಉಹುದ್ ಕಾಳಗದಲ್ಲಿ ಗೆದ್ದೆವೆಂದುಕೊಂಡು ಗುಡ್ಡದಿಂದ ಇಳಿದುಬಿಟ್ಟ ಬಿಲ್ಲುಗಾರರ ಬಗ್ಗೆ ಹಾಸ್ಟೆಲಿನಲ್ಲಿ ಎರಡು ದಿನ ಜಗಳವೇ ನಡೆಯಿತು. ಕೆಳಗೆ ಅಷ್ಟು ಕೊಳ್ಳೆ ಸಾಮಾನು ಬಿದ್ದಿರುವಾಗ ಯಾರು ತಾನೆ ಮೇಲೆ ನಿಲ್ಲುತ್ತಾರೆ ಎಂದು ಪ್ಯಾಕಿಂಗ್ ವಿಭಾಗದವರು ಪಟ್ಟು ಹಿಡಿದಿದ್ದರು. ಹುದೈಬಿಯಾದ ಒಪ್ಪಂದ, ರಕ್ತಪಾತವಿಲ್ಲದೆ ಕೈಗೆ ಬಂದ ಮೆಕ್ಕಾ, ಪೈಗಂಬರರ ಮರಣ, ಮೊದಲ ಖಲೀಫರು ಎಲ್ಲ ಮುಗಿದು, ಜನವರಿಯ ಹೊತ್ತಿಗೆ ಕಥೆ ಎರಡನೆಯ ಖಲೀಫ ಉಮರರ ಕಾಲಕ್ಕೆ ಬಂದಿತ್ತು. ಬರಗಾಲದ ವರ್ಷದ ಕಥೆ ಆಗಿತ್ತು. ಸಾಲಿನಲ್ಲಿ ಮುಂದಿನದು ಅಮ್ವಾಸಿನ ಪ್ಲೇಗು. ಅದನ್ನು ಹೇಗೆ ಹೇಳುವುದೆಂದು ರಾಜೇಸಾಬರು ಒಂದು ವಾರದಿಂದ ಯೋಚಿಸುತ್ತಿದ್ದರು.

ಅವರು ಒಲೆ ಸಣ್ಣ ಮಾಡಿ, ಹಿಂದಿನ ಗೇಟಿಗೆ ಹೋಗಿ, ಎಣ್ಣೆಯ ಖಾಲಿ ಡ್ರಮ್ಮನ್ನು ಬೋರಲು ಹಾಕಿ ಹತ್ತಿದರು.

ಹಿಜರಿ ಹದಿನೆಂಟರ ಸುಮಾರಿಗೆ, ಎಂದರೆ ಪೈಗಂಬರರು ತೀರಿಕೊಂಡು ಏಳು ವರ್ಷ ಕಳೆದ ಮೇಲೆ, ಉಮರರು ಮದೀನಾದಿಂದ ಸಿರಿಯಾದ ಕಡೆ ಹೊರಟಿದ್ದರು ಎಂದು ಶುರುಮಾಡಿದರು. ದಾರಿಯಲ್ಲಿ ಸರ್ಗ್ ಎಂಬ ಊರಿನಲ್ಲಿ ಸಿರಿಯಾದ ಸೇನಾಪತಿ ಅಬೂ ಉಬೈದಾ ಎದುರಾಗಿ, ಮುಂದೆ ಅಮ್ವಾಸಿನಲ್ಲಿ ಪ್ಲೇಗು ಎದ್ದಿದೆ ಎಂದರು. ಉಮರರು ಮೆಕ್ಕಾದಿಂದ ವಲಸೆ ಬಂದ ಹಿರಿಯರನ್ನು ಕೇಳಿದರು. ಅವರಲ್ಲಿ ಎರಡು ಮಾತಾಯಿತು. ಮದೀನಾದವರನ್ನು ಕೇಳಿದರು, ಅಲ್ಲೂ ಎರಡು ಮಾತು. ಕುರೈಶ್ ಕುಲದ ಹಿರಿಯರು ಮಾತ್ರ ಒಂದೇ ದನಿಯಲ್ಲಿ ಹಿಂದಿರುಗಿ ಎಂದರು. ಉಮರರು ಹಿಂದಿರುಗುವ ಅಪ್ಪಣೆ ಕೊಟ್ಟಾಗ ಅಬೂ ಉಬೈದಾ, ದೇವರು ಬರೆದದ್ದರಿಂದ ಓಡಿಹೋಗುತ್ತೀರಾ ಎಂದು ಕೇಳಿದರು. ಓಡುತ್ತೇನೆ, ದೇವರು ಬರೆದ ಒಂದರಿಂದ ದೇವರೇ ಬರೆದ ಇನ್ನೊಂದಕ್ಕೆ ಎಂದು ಉಮರರು ಉತ್ತರ ಕೊಟ್ಟರು. ಅಷ್ಟರಲ್ಲಿ ಎಲ್ಲೋ ಹೋಗಿದ್ದ ಹಿರಿಯ ಅಬ್ದುರ್ರಹಮಾನ್ ಬಿನ್ ಔಫ್ ಬಂದು, ಪೈಗಂಬರರೇ ಹೇಳಿದ್ದನ್ನು ತಾನು ಕೇಳಿದ್ದೇನೆ ಎಂದರು: ರೋಗವಿರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೇ ರೋಗ ಬಂದರೆ ಅಲ್ಲಿಂದ ಓಡಬೇಡಿ. ಉಮರರು ಮದೀನಾಕ್ಕೆ ಮರಳಿದರು. ಅಬೂ ಉಬೈದಾ ತಮ್ಮ ಸೈನ್ಯದ ಬಳಿಗೆ ಮರಳಿದರು.

ಗುಂಪಿನಲ್ಲಿ ಮುಂದೆ ನಿಂತಿದ್ದವನು ಆಲಂಗೀರ್. ಕುಮಿಲ್ಲಾದವನು, ನಲವತ್ತೇಳು ವರ್ಷ, ಪಾಳಿ ಮುಗಿದ ಮೇಲೆ ಅಡುಗೆಮನೆಗೆ ಬಂದು ರಾಜೇಸಾಬರ ಈರುಳ್ಳಿ ಹೆಚ್ಚಿಕೊಡುತ್ತಿದ್ದ. ನೀಲಾಯಿಯಲ್ಲಿ ಅವನ ಹೆಂಡತಿಯ ತಮ್ಮ ಮೊತಾಲೆಬ್ ಎಂಬವನು ಹೆಂಡತಿ ಮಕ್ಕಳೊಂದಿಗೆ ಇದ್ದ. ಆಲಂಗೀರ್ ಅಲ್ಲಿಗೇ ಹೊರಟಿದ್ದ.

"ಚಾಚಾ, ಉಮರ್ ಸಾಹೇಬರ ಹತ್ತಿರ ತಿರುಗಿಸೋಕೆ ಒಂಟೆಯಾದರೂ ಇತ್ತು. ನನ್ನ ಹತ್ತಿರ ಇರೋದು ನೀಲಾಯಿಯ ಬಸ್ಸು ಮಾತ್ರ" ಎಂದ. ಕೆಲವರು ನಕ್ಕರು.

"ಆ ಬಸ್ಸಿನಾಗ ನಿನ್ನ ಬಾಜೂಕ ಕುಂಡ್ರಾಂವ ಯಾರು? ಅಂವಗೂ ಮನಿ ಐತಿ" ಎಂದು ರಾಜೇಸಾಬರು ಮೊದಲು ಕನ್ನಡದಲ್ಲೇ ಅಂದು, ಆಮೇಲೆ ಹಿಂದಿಯಲ್ಲಿ ಹೇಳಿದರು.

ಆಲಂಗೀರ್ ಬ್ಯಾಗಿನ ಮೇಲೆಯೇ ಕುಳಿತುಬಿಟ್ಟ. ಮೊತಾಲೆಬ್‌ಗೆ ಫೋನು ಮಾಡಿ, ಚಾಚಾ ಬೇಡ ಅಂದರು, ಬರುವುದಿಲ್ಲ ಎಂದ. ಅವನು ಕುಳಿತದ್ದು ನೋಡಿ ಇನ್ನಷ್ಟು ಜನ ಕುಳಿತರು. ಐದೂವರೆಯ ಹೊತ್ತಿಗೆ ಎಲ್ಲರೂ ಬ್ಯಾಗು ಎತ್ತಿಕೊಂಡು ಒಳಕ್ಕೆ ಮರಳತೊಡಗಿದರು. ಆಮೇಲೇನಾಯಿತು ಚಾಚಾ ಎಂದು ಯಾರೋ ಕೇಳಿದ್ದಕ್ಕೆ ರಾಜೇಸಾಬರು, ಇವತ್ತಿಗೆ ಇಷ್ಟು, ಬೇಳೆ ಹೊತ್ತೀತು ಎಂದು ಡ್ರಮ್ಮಿನಿಂದ ಇಳಿದರು. ಬೇಳೆ ಹೊತ್ತುವಂತಿರಲಿಲ್ಲ. ಕಥೆಗೆ ಇನ್ನೂ ಅರ್ಧ ಉಳಿದಿತ್ತು, ಅದು ಅವರಿಗೆ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಸೈನಿಕರು ಬಂದು ಇಡೀ ಆವರಣಕ್ಕೆ ಮುಳ್ಳುತಂತಿ ಸುತ್ತಿದರು. ಸರೋಜರಿಗೆ ಮಾತ್ರ ಪಾಸ್ ಸಿಕ್ಕಿತು. ದಿನಾ ಹತ್ತು ಗಂಟೆಗೆ ಬಿಳಿಯ ಸುರಕ್ಷಾ ಉಡುಪು ತೊಟ್ಟು ಒಳಗೆ ಬಂದು ಸಂಜೆ ಹೊರಡುತ್ತಿದ್ದರು. ಸಾಲಿನಲ್ಲಿ ಊಟ ಬಡಿಸುವುದು ನಿಂತಿತು. ರಾಜೇಸಾಬರು ಮೂರು ಹೊತ್ತೂ ಪೊಟ್ಟಣ ಕಟ್ಟಿ ಕೋಣೆಯ ಬಾಗಿಲಲ್ಲಿಟ್ಟು ಊಟದ ಪೊಟ್ಟಣಕ್ಕೆ ಅಲ್ಲಿಯವರು ಅನ್ನುವ ಹಾಗೆ "ತಪಾವ್" ಎಂದು ಕೂಗಿ ಸರಿಯುತ್ತಿದ್ದರು. ಒಟ್ಟಿಗೆ ಸೇರುವಂತಿಲ್ಲವಾದ್ದರಿಂದ ಐದು ಗಂಟೆಯ ಕಥೆಯೂ ನಿಂತಿತು. ಅದು ಅವರಿಗೆ ಅನುಕೂಲವೇ ಆಯಿತು ಎಂದು ಆಮೇಲೆ ಅವರೇ ಒಪ್ಪಿಕೊಂಡಿದ್ದಾರೆ.

ಸೋಮವಾರ, ಜನವರಿ 18ರಂದು ಪರೀಕ್ಷೆಯ ವರದಿ ಬಂತು. ಉಳಿದಿದ್ದ ನೂರ ಅರವತ್ತೈದು ಜನರಲ್ಲಿ ಹತ್ತೊಂಬತ್ತು ಮಂದಿಗೆ ಸೋಂಕು. ಆ ದಿನಗಳಲ್ಲಿ ಆಂಬುಲೆನ್ಸಿಗೆ ಮೂರು ನಾಲ್ಕು ದಿನ ಕಾಯಬೇಕಾಗುತ್ತಿತ್ತು. ಕಾಯುವವರನ್ನು ಬೇರೆ ಇಡಲು ಕೆಳಮಹಡಿಯ ಎರಡು ಕೋಣೆ ಖಾಲಿ ಮಾಡಿಸಿದರು. ಅಲ್ಲಿದ್ದ ಸೋಂಕಿಲ್ಲದವರು ಮೇಲಿನ ಕೋಣೆಗಳಿಗೆ ಹೋದರು. ಹಾಗಾಗಿ ಉಳಿದ ಹತ್ತು ಕೋಣೆಗಳಿಗೆ ನೂರ ನಲವತ್ತಾರು ಜನ: ರೋಗ ಬರುವ ಮುಂಚೆ ಕೋಣೆಗೆ ಹದಿನಾಲ್ಕು ಇದ್ದದ್ದು ರೋಗ ಬಂದ ಮೇಲೆ ಕೆಲವೆಡೆ ಹದಿನೈದಾಯಿತು. ಮಂಚದ ಮೇಲೊಂದು ಮಂಚ, ಎರಡು ಸಾಲು, ನಡುವೆ ಒಬ್ಬರು ನಡೆಯುವಷ್ಟು ಜಾಗ, ಒಂದು ಕಿಟಕಿ.

ಮಂಗಳವಾರ ಆಲಂಗೀರ್‌ಗೆ ಜ್ವರ ಬಂತು.

ಅವನನ್ನು ಕೆಳಗಿನ ಕೋಣೆಗೆ ತಂದರು. ಕಿಟಕಿ ಅಡುಗೆಮನೆಯ ಹಿತ್ತಿಲಿಗೆ ತೆರೆಯುತ್ತಿತ್ತು. ರಾಜೇಸಾಬರು ದಿನಾ ಶುಂಠಿ ಹಾಕಿದ ಗಂಜಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದರು. ಮೊದಲೆರಡು ದಿನ ಆಲಂಗೀರ್, ಈರುಳ್ಳಿ ಹೆಚ್ಚುವವನಿಲ್ಲದೆ ಚಾಚಾನ ಅಡುಗೆ ಆಸ್ಪತ್ರೆಯ ಊಟದಂತಾಗಿದೆ ಎಂದು ರೇಗಿಸಿದ. ಗುರುವಾರ ಮಾತಿನ ನಡುವೆ ಉಸಿರಿಗೆ ನಿಲ್ಲುವಂತಾಯಿತು. ಶುಕ್ರವಾರ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಚಾಚಾ, ಅಬೂ ಉಬೈದಾ ವಾಪಸು ಹೋದರಲ್ಲ. ಆಮೇಲೆ?"

"ಆರಾಮಾಗು. ಹೇಳ್ತೇನೆ" ಎಂದರು ರಾಜೇಸಾಬರು.

ಅಂದೇ ಸರೋಜ ಆಂಬುಲೆನ್ಸಿಗಾಗಿ ಆರು ಸಲ ಫೋನು ಮಾಡಿದರು. ಅದು ಬಂದದ್ದು ಶನಿವಾರ ಬೆಳಿಗ್ಗೆ. ಆಲಂಗೀರ್ ಏದುಸಿರು ಬಿಡುತ್ತಲೇ ಹತ್ತಿ ಕುಳಿತು ಕೈ ಎತ್ತಿದ. ಬುಧವಾರ, ಜನವರಿ 27ರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವನು ತೀರಿಕೊಂಡ ಸುದ್ದಿಯನ್ನು ಸರೋಜ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು. ಅಷ್ಟರಲ್ಲಿ ಒಟ್ಟು ಸೋಂಕಿತರು ಅರವತ್ತೊಂದು. ಸೋಂಕಿತರಿಗೆ ಇನ್ನೂ ಒಂದು ಕೋಣೆ ಬಿಟ್ಟುಕೊಟ್ಟು, ಸೋಂಕಿಲ್ಲದ ನೂರೇಳು ಜನ ಒಂಬತ್ತು ಕೋಣೆಗಳಲ್ಲಿದ್ದರು, ತಲಾ ಸುಮಾರು ಹನ್ನೆರಡರಂತೆ.

ಆಲಂಗೀರ್‌ಗೆ ಸೋಂಕು ತಗುಲಿದ್ದು ಯಾವಾಗ ಎಂದು ಹೇಳಲಾಗುವುದಿಲ್ಲ. ಗುರುವಾರ ಗೇಟಿನ ಬಳಿ ನಿಂತಾಗಲೇ ಅದು ಅವನೊಳಗಿದ್ದಿರಬಹುದು. ಆ ನಂತರ ಕೋಣೆಯಲ್ಲಿ ಬಂದಿರಲೂಬಹುದು. ಜ್ವರ ಐದು ದಿನದ ಮೇಲೆ ಬಂದದ್ದು ಎರಡಕ್ಕೂ ಹೊಂದುತ್ತದೆ. ರಾಜೇಸಾಬರು ಈ ಲೆಕ್ಕಕ್ಕೆ ಹೋಗಲಿಲ್ಲ. ಬ್ಯಾಗಿನ ಮೇಲೆ ಕುಳಿತವನನ್ನು ಕೂರಿಸಿದ್ದು ತಮ್ಮ ಮಾತು, ಮತ್ತು ಆ ಮಾತು ಅರ್ಧವಾಗಿತ್ತು, ಇಷ್ಟೇ ಅವರ ತಲೆಯಲ್ಲಿ ನಿಂತದ್ದು.

"ಮೇಡಮ್ಮಾರ, ಒಂದು ಮಾತು ಹೇಳೂದೈತ್ರಿ" ಎಂದರು. ಸರೋಜ ಹಿತ್ತಿಲಿನಲ್ಲಿ ಆರಡಿ ದೂರ ನಿಂತು ಕೇಳಿದರು.

ಉಮರರು ಮದೀನಾಕ್ಕೆ ಹೋದ ಮೇಲೆ ಅಬೂ ಉಬೈದಾರಿಗೆ ಕಾಗದ ಬರೆದರು, ತುರ್ತು ಕೆಲಸವಿದೆ, ಕೂಡಲೇ ಹೊರಟು ಬನ್ನಿ ಎಂದು. ಕೆಲಸ ಯಾವುದೂ ಇರಲಿಲ್ಲ. ಗೆಳೆಯನನ್ನು ಉಳಿಸಿಕೊಳ್ಳುವ ಉಪಾಯ ಅಷ್ಟೆ. ಅಬೂ ಉಬೈದಾರಿಗೆ ಅದು ತಿಳಿಯಿತು. ನನ್ನ ಸೈನಿಕರನ್ನು ಬಿಟ್ಟು ನಾನೊಬ್ಬನೇ ಬರಲಾರೆ ಎಂದು ಉತ್ತರಿಸಿದರು. ಆಗ ಉಮರರು ಎರಡನೆಯ ಕಾಗದ ಬರೆದರು: ಜನರನ್ನು ತಗ್ಗು ಜಾಗದಲ್ಲಿ ಇಟ್ಟಿದ್ದೀರಿ, ಗಾಳಿಯಾಡುವ ಎತ್ತರದ ನೆಲಕ್ಕೆ ಕರೆದೊಯ್ಯಿರಿ. ಅಬೂ ಉಬೈದಾ ಹೊರಟರು, ಅಷ್ಟರಲ್ಲಿ ಪ್ಲೇಗು ಅವರನ್ನೇ ಹಿಡಿಯಿತು. ಅವರ ನಂತರ ಸೇನಾಪತಿಯಾದ ಮುಆಜರೂ ಅದರಲ್ಲೇ ತೀರಿಕೊಂಡರು. ಇಪ್ಪತ್ತೈದು ಸಾವಿರ ಜನ ಸತ್ತರೆಂದು ಲೆಕ್ಕ ಹೇಳುತ್ತಾರೆ. ಕೊನೆಗೆ ಹೊಣೆ ಹೊತ್ತ ಅಮ್ರ್, ಇದು ಬೆಂಕಿಯಂತೆ ಒಬ್ಬರಿಂದೊಬ್ಬರಿಗೆ ಹತ್ತುತ್ತದೆ, ಗುಡ್ಡಗಳಲ್ಲಿ ಚದುರಿಹೋಗಿ ಎಂದರು. ಬೈದವರೂ ಇದ್ದರು. ಆದರೆ ಜನ ಚದುರಿದರು, ರೋಗ ನಿಂತಿತು. ಉಮರರು ಅದನ್ನು ತಪ್ಪೆನ್ನಲಿಲ್ಲ.

ಸರೋಜ ಕೇಳಿದರು: "ಇದನ್ನ ಅವತ್ತೇ ಯಾಕೆ ಹೇಳಲಿಲ್ಲ?"

"ಅವತ್ತ ಗುಡ್ಡ ಅಂದಿದ್ರ ಅರ್ಧ ಮಂದಿ ಕ್ಯಾಮರನ್ನಿಗೆ ಹೋಗ್ತಿದ್ರರಿ. ಗೇಟ್ ಮುಚ್ಚೂ ಸಲುವಾಗಿ ಬೇಕಾದಷ್ಟ ಹೇಳಿದೆ. ಓಡಬ್ಯಾಡ್ರಿ ಅಂದೆ. ಒತ್ತಿಗೊಂಡು ಮಲಗಬ್ಯಾಡ್ರಿ ಅನ್ನೂದು ನುಂಗಿಬಿಟ್ಟೆ."

"ನಾನೂ ಅಷ್ಟೇ ಮಾಡಿದ್ದು" ಎಂದರು ಸರೋಜ. "ಎರಡು ಸಲ ಮೇಲ್ ಹಾಕಿದೆ, ಗೋಡೌನ್ ಕೊಡಿ ಅಂತ. ಆಗಲ್ಲ ಅಂದ್ರು. ಸುಮ್ಮನಾದೆ."

ಕಾರ್ಖಾನೆಯ ಮುಖ್ಯಸ್ಥರು ಅನಂತಕೃಷ್ಣ. ಬೆಂಗಳೂರಿನವರು, ಪುತ್ರಜಯಾದ ಮನೆಯಿಂದಲೇ ಕೆಲಸ ನಡೆಸುತ್ತಿದ್ದರು. ಗೋಡೌನಿನಲ್ಲಿ ರವಾನೆಗೆ ಸಿದ್ಧವಾದ ವೈದ್ಯಕೀಯ ಮಾಲಿತ್ತು. ಅಲ್ಲಿ ಜನ ಮಲಗಿದರೆ ಕೊಳ್ಳುವವರು ಇಡೀ ಮಾಲನ್ನು ತಿರಸ್ಕರಿಸುತ್ತಾರೆ ಎಂಬುದು ಅವರ ಕಾರಣ. ಅದು ಸುಳ್ಳು ಕಾರಣವೇನಲ್ಲ. ಸರೋಜ ಅಲ್ಲಿಂದಲೇ ಮತ್ತೆ ಫೋನು ಮಾಡಿ ಸ್ಪೀಕರಿಗೆ ಹಾಕಿದರು. ಅನಂತಕೃಷ್ಣ ಅದನ್ನೇ ಹೇಳಿದರು. ರಾಜೇಸಾಬರು ನಡುವೆ ಬಾಯಿ ಹಾಕಿ ಗಾಳಿ, ಎತ್ತರದ ಜಾಗ ಎಂದು ಶುರುಮಾಡಿದಾಗ ಅವರ ದನಿ ಬದಲಾಯಿತು.

"ರಾಜೇಸಾಬ್, ನೀವು ಅಡುಗೆ ನೋಡ್ಕೊಳ್ಳಿ ಸಾಕು. ಒಳಗೆ ಜನರನ್ನ ಎಬ್ಬಿಸಿದ್ರೆ ಜವಾಬ್ದಾರಿ ನಿಮ್ಮದು. ಮಾರ್ಚ್‌ನಲ್ಲಿ ನಿಮ್ಮ ವರ್ಕ್ ಪರ್ಮಿಟ್ ರಿನ್ಯೂ ಮಾಡೋಕೆ ನನ್ನ ಟೇಬಲ್‌ಗೇ ಬರುತ್ತೆ, ಮರೀಬೇಡಿ."

ಫೋನು ಇಟ್ಟ ಮೇಲೆ ರಾಜೇಸಾಬರು, ಜಾಗ ಸಿಗದೆ ಕಥೆ ಹೇಳುವಂತಿಲ್ಲ, ಹೇಳಿದರೆ ಜನ ತಂತಿಯ ಕಡೆಗೇ ಹೋಗುತ್ತಾರೆ ಎಂದರು. ಅವರ ಭಯ ಪೊಳ್ಳಾಗಿರಲಿಲ್ಲ. ಆಲಂಗೀರ್ ಸತ್ತ ಸುದ್ದಿ ಮಧ್ಯಾಹ್ನದೊಳಗೆ ಮೂರು ಮಹಡಿಗೂ ಮುಟ್ಟಿತ್ತು. ಎರಡನೆಯ ಮಹಡಿಯ ಕಿಟಕಿಯಿಂದ ಯಾರೋ ಊಟದ ಪೊಟ್ಟಣವನ್ನು ಅಂಗಳಕ್ಕೆ ಎಸೆದರು. ಇನ್ನೊಂದು ಬಿತ್ತು, ಆಮೇಲೆ ಹತ್ತಾರು. ತಂತಿಯಾಚೆಯ ಸೈನಿಕರು ಎದ್ದು ನಿಂತರು.

ಸರೋಜ ಅಂದು ಮನೆಗೆ ಹೋಗುವಾಗ ಎರಡು ಕಾಗದ ಕೊಂಡೊಯ್ದರು: ಆವರಣ ಮುಚ್ಚುವ ಆದೇಶದ ಪ್ರತಿ, ಕಾರ್ಖಾನೆಯ ತುರ್ತು ಯೋಜನೆಯ ಪುಸ್ತಕ. ಆದೇಶದಲ್ಲಿ ಹಾಸ್ಟೆಲ್ ಎಂದಿರಲಿಲ್ಲ. ಬೇಲಿಯೊಳಗಿನ ಎಲ್ಲ ಕಟ್ಟಡಗಳೂ ಎಂದಿತ್ತು. ಅಂದರೆ ಹಾಸ್ಟೆಲಿನಿಂದ ಗೋಡೌನಿಗೆ ಹೋದವನು ಊರು ಬಿಟ್ಟವನಾಗುವುದಿಲ್ಲ. ತುರ್ತು ಯೋಜನೆಯ ಪ್ರಕಾರ ಜೀವಕ್ಕೆ ಅಪಾಯವಿದ್ದಾಗ ಸೇಫ್ಟಿ ಆಫೀಸರ್ ಯಾರನ್ನೂ ಕೇಳದೆ ಯಾವ ಬಾಗಿಲನ್ನಾದರೂ ತೆರೆಸಬಹುದಿತ್ತು. ಅದನ್ನು ಬರೆದವರ ಮನಸ್ಸಿನಲ್ಲಿ ಇದ್ದದ್ದು ಬೆಂಕಿ. ಆದರೆ ಬೆಂಕಿ ಎಂಬ ಮಾತು ಅಲ್ಲಿರಲಿಲ್ಲ.

ಮರುದಿನ ತಮಿಳರ ಮುರುಗನ ಹಬ್ಬ ತೈಪೂಸಂ, ರಜೆ. ಸರೋಜ ಬೆಳಿಗ್ಗೆ ಒಂಬತ್ತಕ್ಕೇ ಬಂದರು. ಟೇಪು ಹಿಡಿದು ಗೋಡೌನಿನ ಖಾಲಿ ಅರ್ಧವನ್ನೂ ಊಟದ ಹಾಲನ್ನೂ ಪ್ಯಾಕಿಂಗ್ ಹಾಲನ್ನೂ ಅಳೆದರು. ಹಾಸಿಗೆಯಿಂದ ಹಾಸಿಗೆಗೆ ಎರಡೂವರೆ ಮೀಟರ್ ಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದರು. ಗೋಡೌನಿಗೆ ನಲವತ್ತು, ಪ್ಯಾಕಿಂಗಿಗೆ ಇಪ್ಪತ್ತನಾಲ್ಕು, ಊಟದ ಹಾಲಿಗೆ ಹದಿನಾರು. ಒಟ್ಟು ಎಂಬತ್ತು. ಮೇಲೆ ಉಳಿಯುವವರು ಇಪ್ಪತ್ತೇಳು, ಕೋಣೆಗೆ ಮೂವರು. ನಾಲ್ಕು ಗಂಟೆಗೆ ಗೇಟಿನಲ್ಲಿದ್ದ ಸೇನಾಧಿಕಾರಿಗೆ ಈ ಪಟ್ಟಿ ತೋರಿಸಿದರು. ಅವನು ಅದನ್ನು ಎರಡು ಸಲ ಓದಿ, ಯಾರೂ ತಂತಿಯ ಹತ್ತಿರ ಬರಬಾರದು, ಬಂದರೆ ಎಲ್ಲರೂ ಮತ್ತೆ ಒಳಗೆ ಎಂದ.

"ಈಗ ಹೇಳಿ" ಎಂದು ಸರೋಜ ರಾಜೇಸಾಬರ ಕೈಗೆ ಅಗ್ನಿ ಎಚ್ಚರಿಕೆಯ ಧ್ವನಿವರ್ಧಕದ ಮೈಕು ಕೊಟ್ಟರು. "ತಂತಿ ದಾಟಿದ್ರೆ ಏನಾಗುತ್ತೆ ಅಂತಾನೂ ಹೇಳಿ."

"ಪರ್ಮಿಟ್ ಹೋದ್ರ ಮೈಸೂರಾಗ ನಂಗೊಂದು ಖಾನಾವಳಿ ನೋಡ್ರಿ" ಎಂದರು ರಾಜೇಸಾಬರು. "ಸಾರಿಗೆ ಸಕ್ಕರಿ ಹಾಕಾಕ ಮಾತ್ರ ಹೇಳಬ್ಯಾಡ್ರಿ."

ಐದು ಗಂಟೆಗೆ ಅವರ ದನಿ ಹನ್ನೆರಡೂ ಕೋಣೆಗಳಲ್ಲಿ ಕೇಳಿತು. ಎರಡು ವಾರದ ಹಿಂದೆ ನಾನು ನಿಮಗೆ ಅರ್ಧ ಕಥೆ ಹೇಳಿದೆ ಎಂದು ಶುರುಮಾಡಿದರು. ಬೇಳೆ ಹೊತ್ತುತ್ತದೆ ಎಂದದ್ದು ಸುಳ್ಳು ಎಂದೂ ಹೇಳಿದರು. ಕಾಗದಗಳ ಕಥೆ ಹೇಳಿದರು, ಅಬೂ ಉಬೈದಾರ ಸಾವು ಹೇಳಿದರು. ಆಲಂಗೀರ್ ಕಿಟಕಿಯಿಂದ ಇದನ್ನೇ ಕೇಳಿದ್ದ, ನಾನು ಹೇಳಲಿಲ್ಲ ಎಂದರು. ಆಮೇಲೆ ಅಮ್ರ್ ಜನರನ್ನು ಚದುರಿಸಿದ್ದು ಹೇಳಿ, ನಮ್ಮ ಗುಡ್ಡ ತಂತಿಯೊಳಗೇ ಇದೆ, ಒಬ್ಬನು ತಂತಿ ಮುಟ್ಟಿದರೂ ಎಲ್ಲರ ಗುಡ್ಡ ಹೋಗುತ್ತದೆ, ಕೋಣೆಯ ನಂಬರು ಕರೆದ ಹಾಗೆ ಹಾಸಿಗೆ ಹೊತ್ತು ಬನ್ನಿ ಎಂದರು.

ಐದನೆಯ ಕೋಣೆಯನ್ನು ಕರೆದರು. ಯಾರೂ ಇಳಿಯಲಿಲ್ಲ. ಒಂದು ನಿಮಿಷ ಕಳೆಯಿತು. ನಂತರ ಮೆಟ್ಟಿಲಲ್ಲಿ ಗದ್ದಲವಾಗಿ ಇಪ್ಪತ್ತು ಮೂವತ್ತು ಜನ ಒಮ್ಮೆಲೇ ಇಳಿದು ಅಂಗಳಕ್ಕೆ ಬಂದರು. ಕೆಲವರ ಕೈಯಲ್ಲಿ ಹಾಸಿಗೆಯಿತ್ತು, ಕೆಲವರ ಹೆಗಲಲ್ಲಿ ಹಳೆಯ ಬ್ಯಾಗು. ಎಡಕ್ಕೆ ಹಿಂದಿನ ಗೇಟು, ಬಲಕ್ಕೆ ಗೋಡೌನು. ಸರೋಜ ಗೋಡೌನಿನ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ನಿಂತಿದ್ದರು. ರಾಜೇಸಾಬರು ಮೈಕು ಬಿಟ್ಟು ಬಂದು ಗೇಟಿನ ಮುಂದೆ ಬೆನ್ನು ಕೊಟ್ಟು ನಿಂತರು. ಬ್ಯಾಗು ಹೊತ್ತವರಲ್ಲಿ ಮುಂದಿದ್ದವನು ಅವರಿಂದ ಹತ್ತು ಹೆಜ್ಜೆ ದೂರಕ್ಕೆ ಬಂದು ನಿಂತ.

"ಇದು ಪೂರ್ತಿ ತಾನೆ, ಚಾಚಾ?"

"ಪೂರ್ತಿ. ಇದರ ಮುಂದೆ ನನಗೂ ಗೊತ್ತಿಲ್ಲ."

ಅವನು ಅವರ ಮುಖ ನೋಡಿ, ಬಲಕ್ಕೆ ತಿರುಗಿದ.

ಹಾಸಿಗೆಗ‌ಳು ಇನ್ನೂ ಸಾಗುತ್ತಿರುವಾಗಲೇ ಸರೋಜರಿಗೆ ಫೋನು ಬಂತು. ಅನಂತಕೃಷ್ಣ ಮನೆಯಲ್ಲಿ ಕುಳಿತು ಕ್ಯಾಮರಾದಲ್ಲಿ ಎಲ್ಲವನ್ನೂ ನೋಡಿದ್ದರು.

"ಗೋಡೌನ್ ಬಾಗಿಲು ಯಾರು ತೆಗೆದದ್ದು?"

"ನಾನೇ ಸರ್. ತುರ್ತು ಯೋಜನೆ, ಏಳನೇ ಪುಟ. ನಿಮ್ಮ ಸಹಿ ಇದೆ."

ಅನಂತಕೃಷ್ಣ, "ಬಲಗಡೆ ರ‍್ಯಾಕ್ ಯಾರೂ ಮುಟ್ಟಬಾರದು. ಪ್ಲಾಸ್ಟಿಕ್ ಶೀಟ್ ಹೊದಿಸಿ. ಮೇಲಿನ ಫ್ಯಾನ್ ಸ್ವಿಚ್ ಸೆಕ್ಯುರಿಟಿ ರೂಮಲ್ಲಿದೆ" ಎಂದು ಇಟ್ಟುಬಿಟ್ಟರು. ರಾಜೇಸಾಬರ ಪರ್ಮಿಟ್ಟಿನ ಬಗ್ಗೆ ಆಗಲೂ ಆಮೇಲೂ ಅವರು ಮಾತೆತ್ತಲಿಲ್ಲ.

ಫೆಬ್ರುವರಿ 1ರ ಪರೀಕ್ಷೆಯಲ್ಲಿ ಹದಿನಾಲ್ಕು ಜನರಿಗೆ ಸೋಂಕು ಬಂತು. ಚದುರುವ ಮುಂಚೆಯೇ ತಗುಲಿದ್ದು ಇದರಲ್ಲಿ ಬಹುಪಾಲು ಇರಬೇಕು. ಆರನೆಯ ತಾರೀಖು ಮೂವರಿಗೆ. ಹನ್ನೆರಡಕ್ಕೆ ಯಾರಿಗೂ ಇಲ್ಲ. ಆಲಂಗೀರ್ ಬಿಟ್ಟರೆ ಬೇರೆ ಯಾರೂ ಸಾಯಲಿಲ್ಲ.

ಈ ಹದಿನೈದು ದಿನವೂ ರಾಜೇಸಾಬರ ಫೋನಿಗೆ ಒಂದೇ ನಂಬರಿನಿಂದ ಕರೆ ಬರುತ್ತಿತ್ತು. ಒಟ್ಟು ಹನ್ನೊಂದು. ಅದು ನೀಲಾಯಿಯ ಮೊತಾಲೆಬ್ ಎಂದು ಅವರಿಗೆ ಗೊತ್ತಿತ್ತು. ಒಂದನ್ನೂ ಅವರು ಎತ್ತಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದರೆ ಹೆಚ್ಚುತ್ತಲೇ ಇರುತ್ತಿದ್ದರು, ಅದು ತಾನಾಗಿ ನಿಲ್ಲುವವರೆಗೆ.

ಫೆಬ್ರುವರಿ 13, ಶನಿವಾರ, ಮಧ್ಯಾಹ್ನದ ಪೊಟ್ಟಣಗಳನ್ನು ಕಳಿಸಿದ ಮೇಲೆ ಅವರು ಹಿತ್ತಿಲಿನಲ್ಲಿ ಕುಳಿತು ತಾವೇ ಆ ನಂಬರು ಒತ್ತಿದರು. ಹೆಸರು ಹೇಳಿದರು. ಆಚೆ ಬದಿಯವನು ಸಲಾಂ ಹೇಳಲಿಲ್ಲ.

"ಆವತ್ತು ಭಾವ ನನಗೆ ಫೋನು ಮಾಡಿದ್ದ. ಚಾಚಾ ಬೇಡ ಅಂದರು ಅಂದ. ಆ ಚಾಚಾ ನೀವೇನಾ?"

"ನಾನೇ."

"ನೀವು ಬೇಡ ಅನ್ನದೆ ಇದ್ದಿದ್ದರೆ ಅವನು ಬರ್ತಿದ್ದ."

"ಬರ್ತಿದ್ದ."

ಆ ಮನೆಯಲ್ಲಿ ಮೂವರು ಮಕ್ಕಳಿದ್ದರು. ಆಲಂಗೀರ್ ಅಲ್ಲಿಗೆ ಹೋಗಿದ್ದರೆ ಏನಾಗಬಹುದಿತ್ತು ಎಂಬ ಮಾತು ರಾಜೇಸಾಬರ ನಾಲಿಗೆಯ ತುದಿಯಲ್ಲಿತ್ತು. ಹದಿನೈದು ದಿನದಿಂದ ಇತ್ತು. ಅವರು ಅದನ್ನು ಹೇಳಲಿಲ್ಲ. ನಿಲ್ಲು ಎಂದದ್ದು ತಪ್ಪಲ್ಲ, ಆದರೆ ನಿಂತವನಿಗೆ ಇನ್ನೊಂದು ಮಾತು ಹೇಳಬೇಕಿತ್ತು, ಗೊತ್ತಿದ್ದೂ ಹೇಳಲಿಲ್ಲ, ಅವನು ಕಿಟಕಿಯಿಂದ ಕೇಳಿದಾಗಲೂ ಹೇಳಲಿಲ್ಲ ಎಂದರು. ಅಷ್ಟನ್ನು ಹಿಂದಿಯಲ್ಲಿ ಜೋಡಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ಆಚೆಯಿಂದ ಮಗುವೊಂದು ಏನೋ ಕೇಳುವುದೂ ಅವನು ಅದನ್ನು ಸುಮ್ಮನಿರಿಸುವುದೂ ಕೇಳಿಸಿತು. ಅವನು ಫೋನು ಇಡುತ್ತಾನೆಂದು ರಾಜೇಸಾಬರು ಕಾದರು.

"ನನ್ನ ಅಕ್ಕ ಊರಿನಿಂದ ದಿನಾ ಫೋನು ಮಾಡ್ತಾಳೆ" ಎಂದ ಮೊತಾಲೆಬ್. "ಅವನು ಯಾಕೆ ಹೊರಟವನು ನಿಂತ ಅಂತ ಕೇಳ್ತಾಳೆ. ನನಗೆ ಹೇಳೋಕೆ ಬರಲ್ಲ. ಅವಳನ್ನೂ ಲೈನಿಗೆ ತರ್ತೀನಿ. ಅವನಿಗೆ ಏನು ಹೇಳಿದ್ರಿ, ಏನು ಬಿಟ್ರಿ, ಎರಡನ್ನೂ ನೀವೇ ಅವಳಿಗೆ ಹೇಳಿ."

ಎರಡನೆಯ ಲೈನು ಕೂಡಿಕೊಂಡಿತು. ಹೆಂಗಸೊಬ್ಬಳ ದನಿ ಬಂಗಾಳಿಯಲ್ಲಿ ಹಲೋ ಎಂದಿತು. ರಾಜೇಸಾಬರು ಎದ್ದು ನಿಂತರು. ಒಂದೊಂದು ವಾಕ್ಯಕ್ಕೂ ನಿಂತು, ಮೊತಾಲೆಬ್ ಅದನ್ನು ಬಂಗಾಳಿಗೆ ತಿರುಗಿಸುವವರೆಗೆ ಕಾದು, ಉಮರರು ಮದೀನಾದಿಂದ ಹೊರಟಲ್ಲಿಂದ ಹೇಳತೊಡಗಿದರು.